ಹಗಲಿನಲ್ಲಿ ಕಾಣದ ಅರುಂಧತಿ

ಮಗಳ ಮದುವೆ ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಹಾಲ್‌ನಲ್ಲಿ ನಡೆಯಿತು. ನಾವು ಮೈಸೂರಿನವರು, ಮಗಳು ಕೈಗೂಸಾಗಿದ್ದಾಗ ಇಲ್ಲಿಗೆ ಬಂದೆವು. ಅಳಿಯ ಇಲ್ಲಿಯೇ ಹುಟ್ಟಿ ಬೆಳೆದ ತಮಿಳು ಹುಡುಗ, ನಿಲಾಯ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಪುರೋಹಿತರೂ ಅವರ ಕಡೆಯವರೇ.

ಸಪ್ತಪದಿಯಾದ ಮೇಲೆ ಪುರೋಹಿತರು ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಗಿ, ಕಾರುಗಳು ನಿಂತಿದ್ದ ಕಡೆ ಆಕಾಶಕ್ಕೆ ಬೆರಳು ತೋರಿಸಿದರು.

"ಅರುಂಧತಿ ತೆರಿಯುದಾ?"

ಸುಡುವ ಬಿಸಿಲು. ಆದರೂ ಕಾಣುತ್ತಿದೆ ಎನ್ನುವುದೇ ವಾಡಿಕೆ. ನಮ್ಮ ಮದುವೆಯಲ್ಲಿ ನಾನೂ ನನ್ನ ಗಂಡನೂ ಮೇಲೆ ನೋಡದೆಯೇ ತಲೆಯಾಡಿಸಿದ್ದೆವು. ಅಳಿಯ ಮಾತ್ರ ಕಣ್ಣು ಕಿರಿದು ಮಾಡಿ ನಿಜವಾಗಿಯೂ ಹುಡುಕಿದ. "ಇಲ್ಲೈ ಸಾಮಿ, ಒರೇ ವೆಯಿಲ್ ಲಾ" ಎಂದುಬಿಟ್ಟ. ಬರೀ ಬಿಸಿಲು ಅಂತೆ!

ಎಲ್ಲರೂ ನಕ್ಕರು. ಮದುವೆಗೆಂದು ಮೈಸೂರಿನಿಂದ ಬಂದಿದ್ದ ಅತ್ತಿಗೆ, ನನ್ನ ಗಂಡನ ಅಕ್ಕ, ನಗಲಿಲ್ಲ. "ಶಾಸ್ತ್ರದ ಹೊತ್ತಲ್ಲಿ ಇಲ್ಲ ಅನ್ನಬಾರ್ದು ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಒಂದಿಷ್ಟು ಕಸಿವಿಸಿಯಾಯಿತು. ಪುರೋಹಿತರು, ಹಾಗಾದರೆ ಕತ್ತಲಾದ ಮೇಲೆ ನೋಡಿಕೊಳ್ಳಪ್ಪ ಎಂದು ಮುಂದಿನ ಮಂತ್ರಕ್ಕೆ ಹೋದರು.

ಅಳಿಯ ಆ ಮಾತನ್ನು ಹಾಗೇ ಬಿಡಲಿಲ್ಲ. ಅಂದು ಸಂಜೆ ಮಳೆ ಬಂತು, ಮರುದಿನಗಳಲ್ಲಿ ಮೋಡ. ಮುಂದಿನ ವಾರ ನಮ್ಮನ್ನು ನಿಲಾಯ್‌ನಲ್ಲಿರುವ ತನ್ನ ಮನೆಗೆ ರಾತ್ರಿ ಊಟಕ್ಕೆ ಕರೆದಾಗ ಆಕಾಶ ತಿಳಿಯಾಗಿತ್ತು. ಊಟಕ್ಕೆ ಮೊದಲೇ ಎಲ್ಲರನ್ನೂ ಮಹಡಿಗೆ ಹತ್ತಿಸಿದ.

ಉತ್ತರಕ್ಕೆ ಏಳು ನಕ್ಷತ್ರಗಳು ಕವುಚಿಟ್ಟ ಸೌಟಿನಂತೆ ನಿಂತಿದ್ದವು. ಅಳಿಯನಿಗೆ ಮಲಯ್ ಶಾಲೆಯಲ್ಲಿ ಅದನ್ನು ದೋಣಿ, ಬಿದುಕ್, ಅಂತ ಕಲಿಸಿದ್ದರಂತೆ. ಅದು ಸಪ್ತರ್ಷಿ ಮಂಡಲ ಎಂದು ನಾನು ಹೇಳಿದೆ. ಸೌಟಿನ ಹಿಡಿಯ ನಡುವಿನ ಚುಕ್ಕೆ ವಸಿಷ್ಠ, ಅದಕ್ಕೆ ಅಂಟಿಕೊಂಡ ಸಣ್ಣದು ಅವರ ಹೆಂಡತಿ ಅರುಂಧತಿ.

"ವೈ ಈಸ್ ಶೀ ದ ಸ್ಮಾಲ್ ಒನ್, ಅಮ್ಮ?" ಎಂದಳು ಮಗಳು.

"ಹೆಸರಿಟ್ಟೋರು ಗಂಡಸರು ಇರ್ಬೇಕು" ಎಂದರು ನನ್ನ ಗಂಡ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರೂ ಅವರಿಗೆ ಒಂದೇ ಚುಕ್ಕೆ ಕಂಡಿತು. ನನಗೆ ಎರಡನೆಯದು ಕಂಡಂತಾಗಿ ಮಾಯವಾಗುತ್ತಿತ್ತು.

"ಇದೆ, ಇದೆ. ಪಕ್ಕದಲ್ಲೇ ಇದೆಯಲ್ಲ!" ಎಂದರು ಅತ್ತಿಗೆ. ಹಿಂದಿನ ವರ್ಷವಷ್ಟೇ ಅವರ ಕಣ್ಣಿನ ಪೊರೆ ತೆಗೆಸಿದ್ದೆವು. ಕತ್ತು ನೋಯುವಷ್ಟು ಹೊತ್ತು ಅಲ್ಲಿಂದ ದೃಷ್ಟಿ ಕೀಳಲಿಲ್ಲ. ಭಾವ ಹೋಗಿ ಹತ್ತು ವರ್ಷಗಳ ಮೇಲಾಗಿತ್ತು.

"ನಮ್ಮವರು ಇದನ್ನ ನೋಡ್ಲೇ ಇಲ್ಲ. ಇಬ್ರೂ ಕಂಡಿತು ಅಂದ್ವಿ, ಅಷ್ಟೆ" ಎಂದರು. ಮಗಳು ಅವರ ತೋಳು ಹಿಡಿದುಕೊಂಡಳು.

ಆಮೇಲೆ ಅವರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದರು. "ಧ್ರುವ ಎಲ್ಲಿ? ಅದನ್ನೂ ತೋರಿಸು."

ನಾನು ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಳಿಯ ತಾಳೆ ತೋಟದ ಅಂಚಿನ ಕಡೆ ಕೈ ಮಾಡಿದ. ಈ ನಾಡಿನಲ್ಲಿ ಅದು ನೆಲಕ್ಕೆ ತಾಗಿದಂತೆ ಇರುತ್ತದೆ, ಮಂಜಿನಲ್ಲಿ ಕಾಣುವುದಿಲ್ಲ ಎಂದ.

"ಹೋಗ್ಲಿ ಬಿಡು" ಎಂದು ಅತ್ತಿಗೆ ಅವನ ಭುಜ ಹಿಡಿದು ಮೆಟ್ಟಿಲಿಳಿಯುತ್ತ ಮಗಳಿಗೆ ಹೇಳಿದರು, "ಹುಡುಗನಿಗೆ ಹಸಿವಾಗಿರುತ್ತೆ, ಬಡಿಸು."