ಕೇಣಿಗೆ ಹೊತ್ತೊಯ್ದ ಹೆಸರಿನ ಪಟ್ಟಿ

ಕಾರವಾರದ ಬಸ್ ನಿಲ್ದಾಣದಲ್ಲಿ ಬೆಳಗಿನ ಏಳೂವರೆಗೇ ಸೆಕೆ ಶುರುವಾಗಿತ್ತು. ಒಂದು ಕೈಯಲ್ಲಿ ಬ್ಯಾನರಿನ ಸುರುಳಿ, ಇನ್ನೊಂದರಲ್ಲಿ ಹೆಸರಿನ ಪಟ್ಟಿ ಇದ್ದ ಚೀಲ. ನಮ್ಮ ಇತಿಹಾಸ ಮಂಡಳಿಗೆ ನಾನು ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಶಾಲೆಯಿಂದ ನಿವೃತ್ತಳಾದ ಮೇಲೆ ಹಾಯಾಗಿ ಕೂತಿರಬೇಕಿತ್ತು. ಬೇಡದ ಉಸಾಬರಿ ಮೈಮೇಲೆ ಎಳೆದುಕೊಂಡೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಸೀಟು ಮಾತ್ರ ಸಿಗುವುದಿಲ್ಲ. ಅಂಕೋಲೆಗೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಅವರ್ಸಾ ಬರುವವರೆಗೂ ಕಂಬ ಹಿಡಿದು ನಿಂತೇ ಹೋದೆ. ಮೊಣಕಾಲಿಗೆ ಸಾಕೋಸಾಕಾಯಿತು.

ಮಂಡಳಿ ಪ್ರತಿ ವರ್ಷ ಅಂಕೋಲೆ ಪಕ್ಕದ ಕೇಣಿಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹದ ನೆನಪು ಮಾಡುತ್ತದೆ. ಒಲೆ ಹೂಡಿ ಸಮುದ್ರದ ನೀರು ಕಾಯಿಸುತ್ತೇವೆ. ಆಗ ಜೈಲಿಗೆ ಹೋದವರ ಹೆಸರು ಓದುತ್ತೇವೆ. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ಬಂದು ಎಲೆಯಲ್ಲಿ ಕಟ್ಟಿದ ಚಿಟಿಕೆ ಉಪ್ಪು ತೆಗೆದುಕೊಂಡು ಹೋಗುತ್ತಾರೆ. ಪಟ್ಟಿ ಜೈಲಿನ ದಾಖಲೆಯಿಂದ ಇಳಿಸಿಕೊಂಡದ್ದು. ಅದರಲ್ಲಿಲ್ಲದ ಹೆಸರು ಓದುವ ರೂಢಿಯಿಲ್ಲ.

ಈ ಸಲ ನನಗೊಂದು ಹೆಚ್ಚಿನ ಕೆಲಸವಿತ್ತು. ಕೇಣಿಯ ಹೊನ್ನಮ್ಮ ಎಂಬ, ಎಂಬತ್ತು ದಾಟಿದ ಹೆಂಗಸು ನಾಲ್ಕು ವರ್ಷದಿಂದ ಒಂದೇ ಮಾತು ಕೇಳುತ್ತಿದ್ದರು: ತನ್ನ ತಾಯಿ ಬೀರಮ್ಮನ ಹೆಸರನ್ನೂ ಓದಬೇಕು. ಪ್ರತಿ ಸಲವೂ ನಾನು "ದಾಖಲೆ ತನ್ನಿ" ಎಂದಿದ್ದೆ. ಈ ವರ್ಷ ಅವರು ಮೊಮ್ಮಗಳ ಕೈಯಿಂದ ಪತ್ರ ಬರೆಸಿ ಕಳಿಸಿದ್ದರು. ಸಮಿತಿ ಕೂತು, ಚಹಾ ಕುಡಿದು, ಆಗುವುದಿಲ್ಲ ಎಂದು ತೀರ್ಮಾನಿಸಿತು. ಅದನ್ನು ಹೇಳಲು ಮಾತ್ರ ಯಾರಿಗೂ ಬಾಯಿಲ್ಲ. ನನ್ನ ತಲೆಗೆ ಕಟ್ಟಿದರು.

ಅಂಕೋಲೆಯಲ್ಲಿ ಇಳಿದು ನಿಲ್ದಾಣದ ಹತ್ತಿರ ಬನ್ಸ್ ಭಾಜಿ ತಿಂದೆ. ಬನ್ಸ್ ಆರಿತ್ತು, ಭಾಜಿ ಬಿಸಿಯಿತ್ತು. ಅಲ್ಲಿಂದ ರಿಕ್ಷಾ ಹಿಡಿದು ಕೇಣಿಗೆ ಹೋದೆ. ದಂಡೆಯಲ್ಲಿ ಒಣಮೀನಿನ ವಾಸನೆ, ಶಾಮಿಯಾನದ ಕೆಳಗೆ ಖಾಲಿ ಕುರ್ಚಿಗಳು. ಮೊದಲನೇ ಸಾಲಿನಲ್ಲಿ ಹೊನ್ನಮ್ಮ ಒಬ್ಬರೇ ಕೂತಿದ್ದರು.

"ಅಕ್ಕೋರೇ, ಈ ಸಲ ಅವ್ವಿ ಹೆಸ್ರು ಅದ್ಯಾ?" ಎಂದು ಕೇಳಿದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ.

"ಇಲ್ಲ ಹೊನ್ನಮ್ಮ. ಜೈಲಿನ ದಾಖಲೆಯಲ್ಲಿ ಇಲ್ಲವಲ್ಲ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಜೈಲಿಗೆ ಹೋದವ್ರ ಹೆಸ್ರು ಜೈಲಿನವ್ರು ಬರ್ಕಂಡ್ರು. ಉಪ್ಪು ಮಾಡ್ದವ್ರ ಹೆಸ್ರು ಯಾರು ಬರ್ಕಳೂದು?"

ಅಷ್ಟರಲ್ಲಿ ಒಲೆಯ ಹತ್ತಿರ ನಮ್ಮ ಅಧ್ಯಕ್ಷರು ಅಂಗಡಿ ಉಪ್ಪಿನ ಪ್ಯಾಕೆಟ್ ಹರಿದು ಪಾತ್ರೆಗೆ ಸುರಿದರು. ಇದು ವರ್ಷವೂ ನಡೆಯುವುದೇ. ಕಾರ್ಯಕ್ರಮ ಮುಗಿಯುವುದರೊಳಗೆ ಸಮುದ್ರದ ನೀರು ಉಪ್ಪಾಗುವುದಿಲ್ಲ. ಗೊತ್ತಿದ್ದೂ ನಾವೆಲ್ಲ ಸುಮ್ಮನಿರುತ್ತೇವೆ. ಹೊನ್ನಮ್ಮ ಅದನ್ನು ನೋಡಿ ನಕ್ಕರು.

"ಬರೀ ಸಮುದ್ರದ ನೀರು ಕಾಸ್ತಾ ಕುಂತ್ರೆ ಕಟ್ಟಿಗೆ ಮುಗೀತದೆ, ಉಪ್ಪಾಗೂದಿಲ್ಲ. ಅವ್ವಿ ಗಜನಿಗೆ ಹೋಗಿ, ಉಪ್ಪುನೀರು ನುಗ್ಗೂ ಗದ್ದೆ ಅದ್ಯಲ್ಲ, ಅಲ್ಲಿ ಮಣ್ಣು ಕೆರ್ದು ತರ್ತಿತ್ತು. ತೂತಿನ ಮಡಕೆಗೆ ಹುಲ್ಲು ಹಾಕಿ, ಮೇಲೆ ಮಣ್ಣು ತುಂಬಿ ನೀರು ಹೊಯ್ಯೂದು. ಕೆಳಗೆ ಇಳಿದ ನೀರು ಕಾಸೂದು. ಗಂಡಸ್ರು ಆ ಉಪ್ಪು ಹಿಡ್ಕಂಡು ಪೇಟೆಗೆ ಹೋದ್ರು, ಜೈಲಿಗೂ ಹೋದ್ರು. ಈ ಹೆಂಗಸ್ರು ಮತ್ತೆ ಮಣ್ಣು ಕೆರೂಕೆ ಹೋದ್ರು."

ಒಂಬತ್ತು ವರ್ಷ ಇಲ್ಲಿಗೆ ಬಂದಿದ್ದೇನೆ. ಉಪ್ಪು ಹೇಗೆ ಮಾಡಿದರು ಎಂದು ನಾವು ಒಬ್ಬರನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಹತ್ತೂವರೆಗೆ ಜನ ಸೇರಿದರು, ನಾನು ಪಟ್ಟಿ ಓದಿ ಮುಗಿಸಿದೆ. ಭಾಷಣಕ್ಕೆಂದು ಅಧ್ಯಕ್ಷರು ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಅದನ್ನು ಧೈರ್ಯ ಎನ್ನಲಾರೆ. ಇಲ್ಲ ಎಂದು ಹೇಳಿ ಹೇಳಿ ದಣಿದಿದ್ದೆ, ಅಷ್ಟೇ. ಮೈಕನ್ನು ಹೊನ್ನಮ್ಮನ ಮುಂದೆ ಹಿಡಿದು, "ನೀವೇ ಹೇಳಿ" ಎಂದೆ.

ಅವರು ಕುರ್ಚಿ ಹಿಡಿದು ಎದ್ದರು. "ಬೀರಮ್ಮ. ನನ್ನ ಅವ್ವಿ."

ಉಪ್ಪಿನ ಪೊಟ್ಟಣ ಅವರ ಅಂಗೈಗಿಟ್ಟೆ. ಇನ್ನು ಕೂತುಕೊಳ್ಳುತ್ತಾರೆ ಎಂದುಕೊಂಡರೆ, ಅವರು ಬೆರಳು ಮಡಚತೊಡಗಿದರು. "ಗಣಪಿ. ಸಾಂತಿ. ಮಂಕಾಳಿ. ದೇವಿ. ನಾಗಿ. ಇವ್ರೆಲ್ಲ ಅವ್ವಿ ಸಂಗ್ತಿಗೆ ಮಣ್ಣು ಹೊತ್ತವ್ರು."

ಹಿಂದೆ ನಿಂತಿದ್ದ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. "ಸಾಂತಿ ಅಂದ್ರೆ ನಮ್ಮ ಅಜ್ಜಿ. ನಮ್ಗೂ ಉಪ್ಪು ಬೇಕು" ಎಂದು ಕೈಯೊಡ್ಡಿದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ನಾನು ಜೈಲಿನ ಪಟ್ಟಿಯ ಬೆನ್ನಿಗೆ ಆ ಹೆಸರುಗಳನ್ನು ಬರೆದುಕೊಂಡೆ.

ಏಳನೇ ಹೆಸರಿಗೆ ಹೊನ್ನಮ್ಮ ತಡವರಿಸಿದರು.

"ಇನ್ನೊಬ್ಳು ಇತ್ತು. ಎಡಚಿ. ಅವ್ವಿ ಎಲ್ಲಾರ್ಕಿಂತ ಅವ್ಳ ಸುದ್ದೀನೇ ಜಾಸ್ತಿ ಹೇಳ್ತಿತ್ತು." ಕಾದೆವು. "ಮೊದ್ಲು ನೆನಪಿತ್ತು ಅಕ್ಕೋರೇ. ಹೋದ್ವರ್ಷನೂ ಇತ್ತೇನೋ. ಈಗ ಹೆಸ್ರು ಬತ್ತಿಲ್ಲೆ."

ಸಂಜೆ ಕಾರವಾರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮೈಯೆಲ್ಲ ನೋವು, ಕಣ್ಣು ಎಳೆಯುತ್ತಿತ್ತು, ನಿದ್ದೆ ಹತ್ತಲಿಲ್ಲ. ಚೀಲದಿಂದ ಹಾಳೆ ತೆಗೆದು ನೋಡಿದೆ. ಆರು ಹೆಸರು, ಏಳನೆಯ ಸಾಲಿನಲ್ಲಿ 'ಎಡಗೈಯವಳು' ಎಂದಷ್ಟೇ. ನಾಲ್ಕು ವರ್ಷದ ಹಿಂದೆ ಹೊನ್ನಮ್ಮ ಮೊದಲ ಸಲ ನನ್ನ ಹತ್ತಿರ ಬಂದಾಗ ಏಳೂ ಹೆಸರು ಅವರಿಗೆ ನೆನಪಿದ್ದಿರಬೇಕು. ನಾನು ದಾಖಲೆ ಕೇಳಿದೆ.