ರೊಟ್ಟಿ ಒಲೆಯ ಸುತ್ತ ಇಪ್ಪತ್ತೊಂದು ಜನ

ಇದು ನಡೆದದ್ದು. ಪ್ರವಾಸಿಗರಿಗೆ ಕಥೆ ಕಟ್ಟಿ ಹೇಳುವುದೇ ನನ್ನ ಹೊಟ್ಟೆಪಾಡು, ಒಪ್ಪುತ್ತೇನೆ. ಆದರೆ ಇದನ್ನು ಕಟ್ಟಿಲ್ಲ. ಕಟ್ಟಿದ್ದರೆ ನನ್ನನ್ನು ನಾನೇ ಇಷ್ಟು ಕೆಟ್ಟವಳನ್ನಾಗಿ ತೋರಿಸಿಕೊಳ್ಳುತ್ತಿದ್ದೆನೇ? ಬೇಕಾದರೆ ನಮ್ಮ ಮಿನಿಬಸ್ಸಿನ ಡ್ರೈವರ್ ನರ್ಸಿಂಲುವನ್ನು ಕೇಳಿ. ಅವನು ಆಮೇಲೆ ಆ ತೋಟದ ಕಡೆ ಒಂದು ಟ್ರಿಪ್ಪಿಗೂ ಬಂದಿಲ್ಲ. ನಾನು ಹೋಗಿದ್ದೇನೆ.

ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಅಪ್ಪ ಧಾರವಾಡ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಬಂದು ಇಲ್ಲೇ ನೆಲೆ ನಿಂತರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತೆಲುಗು, ಹಿಂದಿ. ನನ್ನ ಜೊತೆ ಕೆಲಸ ಮಾಡುವವರಿಗೂ ನಾನು ಕನ್ನಡದವಳೆಂದು ಗೊತ್ತಿರಲಿಲ್ಲ.

ಕೆಲಸ ಏನೆಂದರೆ, ಶನಿವಾರ ಬೆಳಿಗ್ಗೆ ಮೆಹದಿಪಟ್ಟಣಂನಲ್ಲಿ ಜನರನ್ನು ಹತ್ತಿಸಿಕೊಂಡು ಹಳ್ಳಿ ತೋರಿಸುವುದು. ಮೊದಲು ರೈತರ ಸಂತೆ. ಆಮೇಲೆ ಚೇವೆಳ್ಳ ಕಡೆಯ ಟೊಮೆಟೊ ಹೊಲ, ಗುಲಾಬಿ ತೋಟ, ಸೀಬೆ ಕೀಳುವ ಆಟ. ಸಂಜೆಗೆ ವಿಕಾರಾಬಾದ್ ರಸ್ತೆಯ ಒಳಗಿನ ಒಂದು ತೋಟದಲ್ಲಿ ವಸತಿ. ಮಣ್ಣಿನ ಗೋಡೆಯ ಗುಡಿಸಲು, ಒಳಗೆ ಏಸಿ! ಬೆಳಗಿನ ಜಾವ ಎಬ್ಬಿಸಿ ಎಮ್ಮೆಯ ಹಾಲು ಕರೆಸುವುದು. ಸೆಗಣಿಯ ಪಕ್ಕ ನಿಂತು ಮೂಗು ಮುಚ್ಚಿಕೊಂಡೇ ಫೋಟೊ ತೆಗೆಸಿಕೊಳ್ಳುವ ಜನರನ್ನು ಕಂಡರೆ ನನಗೆ ಒಳಗೊಳಗೇ ನಗು.

ಆ ತೋಟದ ದೊಡ್ಡ ಆಕರ್ಷಣೆ ಎಂದರೆ ಸಂಜೆಯ ಜೋಳದ ರೊಟ್ಟಿ. ಬಯಲಲ್ಲಿ ಒಲೆ ಹೂಡಿ, ಸುತ್ತಲೂ ಈಚಲು ಚಾಪೆ ಹಾಸಿ, ಜನರ ಮುಂದೆಯೇ ರೊಟ್ಟಿ ಬಡಿದು ಬಿಸಿಬಿಸಿಯಾಗಿ ಬಡಿಸುವುದು. ಬಡಿಯುವವಳ ಹೆಸರು ಬೋರ್ಡಿನ ಮೇಲೆ ಯಾದಮ್ಮ, ತೆಲಂಗಾಣದ ಅಪ್ಪಟ ರೈತ ಮಹಿಳೆ. ನಿಜವಾದ ಹೆಸರು ಹುಲಿಗೆಮ್ಮ. ಲಿಂಗಸುಗೂರು ಕಡೆಯಿಂದ ಗಂಡನ ಜೊತೆ ಕೂಲಿಗೆ ಬಂದು ಆಗಿನ್ನೂ ತಿಂಗಳಾಗಿತ್ತು. ಅವಳಿಗೆ ತೆಲುಗು ಒಂದಕ್ಷರ ಬಾರದು. "ಅವಳು ಬಾಯಿ ಬಿಡಬಾರದು, ನಕ್ಕರೆ ಸಾಕು" ಎಂದು ತೋಟದ ಮಾಲೀಕರು ನನಗೆ ಹೇಳಿಟ್ಟಿದ್ದರು. ಅದನ್ನು ನೋಡಿಕೊಳ್ಳುವುದೂ ನನ್ನ ಕೆಲಸವಾಗಿತ್ತು.

ಆ ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ತಿರುಗಿ ನೋಡಿದರೆ ಹುಲಿಗೆಮ್ಮ. ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಮಗು. ಅವಳ ಮುಖ ಅರಳಿತ್ತು.

"ಅಕ್ಕಾರ... ನೀವು ನಮ್ಮ ಕಡಿಯಾರೇನ್ರಿ?"

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಹ್ಞೂಂ. ಆದ್ರ ಮಂದಿ ಮುಂದ ನನ್ನ ಕೂಡ ಕನ್ನಡ ಮಾತಾಡಬ್ಯಾಡ" ಎಂದೆ.

"ಇಲ್ರೀ, ಮಾತಾಡಂಗಿಲ್ರಿ" ಎಂದಳು. ಆದರೂ ಸುಮ್ಮನಾಗದೆ, "ಕೂಸಿಗೆ ಮುಂಜಾನಿಂದ ಮೈ ಬೆಚ್ಚಗ ಐತ್ರಿ. ಹಾಲು ಕುಡೀವಲ್ದು. ನಮ್ಮ ಮನಿಯವ್ರು ಸೊಪ್ಪಿನ ಗಾಡಿ ಕೂಡ ಹೋಗ್ಯಾರ, ರಾತ್ರಿ ಬರ್ತಾರ..." ಎಂದಳು. ಹಲ್ಲು ಬರುವಾಗ ಹಾಗೇ ಆಗುತ್ತದೆ ಎಂದು ಹೇಳಿ ನಾನು ನನ್ನ ಕೆಲಸಕ್ಕೆ ಹೊರಟೆ. ನನಗೆ ಮಕ್ಕಳಿಲ್ಲ. ಹಲ್ಲು ಬರುವಾಗ ಏನಾಗುತ್ತದೋ ನನಗೇನು ಗೊತ್ತು?

ಸಂಜೆ ಆರೂವರೆ. ಒಲೆ ಉರಿಯುತ್ತಿತ್ತು. ಇಪ್ಪತ್ತೊಂದು ಜನ ಫೋನು ಹಿಡಿದು ಸುತ್ತ ನಿಂತಿದ್ದರು. ಅವರಲ್ಲಿ ಒಬ್ಬ ಹುಡುಗಿ ವಿಡಿಯೊ ಮಾಡಿ ಹಾಕುವವಳು, ಅವಳನ್ನು ಲಕ್ಷಾಂತರ ಜನ ನೋಡುತ್ತಾರಂತೆ. ಅವಳಿಗೆ ರೊಟ್ಟಿಯ ದೃಶ್ಯ ಚೆನ್ನಾಗಿ ಸಿಗಲೇಬೇಕು, ಇಲ್ಲದಿದ್ದರೆ ಮುಂದಿನ ವಾರದಿಂದ ನೀನು ಬರುವುದೇ ಬೇಡ ಎಂದು ಆಫೀಸಿನಿಂದ ನನಗೆ ಮಾತು ಬಂದಿತ್ತು.

ಹುಲಿಗೆಮ್ಮ ಬಂದಳು. ಬಂದಳು ಅಲ್ಲ, ಓಡಿ ಬಂದಳು. ತಲೆ ಕೆದರಿತ್ತು, ಸೆರಗು ನೆಲಕ್ಕೆ ಎಳೆಯುತ್ತಿತ್ತು.

"ಕೂಸು... ಕೂಸು!" ಎಂದು ಜನರ ಮುಂದೆ ಕೈಯಾಡಿಸಿದಳು. ಹಿಂದೆ ಕೂಲಿಯವರಿದ್ದ ಶೆಡ್ಡಿನ ಕಡೆ ತೋರಿಸಿದಳು. ಮತ್ತೆ "ಕೂಸು!"

ಇಲ್ಲೊಂದು ಮಾತು ಹೇಳಲೇಬೇಕು. ತೆಲಂಗಾಣದ ಆಡುಮಾತಿನಲ್ಲಿ 'ಕೂಸೋ' ಎಂದರೆ 'ಕುಳಿತುಕೋ'. ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಕಿವಿಗೆ ಬೀಳುವುದು ಅದೇ ಮಾತು.

"ಏಮಂಟುಂದಿ ಮೇಡಂ?" ಏನಂತಾಳೆ ಎಂದು ಒಬ್ಬರು ಕೇಳಿದರು. ಇನ್ನೊಬ್ಬ ಹೆಂಗಸು ನಾನು ಬಾಯಿ ತೆಗೆಯುವ ಮೊದಲೇ ನಕ್ಕು, "ಕೂಸೋ ಅಂಟುಂದಿ! ಎಷ್ಟು ಪ್ರೀತಿ ನೋಡಿ" ಎಂದು ತೆಲುಗಿನಲ್ಲಿ ಹೇಳಿಬಿಟ್ಟಳು.

ಹುಲಿಗೆಮ್ಮ ನನ್ನ ಹತ್ತಿರ ಬಂದು ಕೈ ಹಿಡಿದಳು. ಅವಳ ಅಂಗೈ ಬೆವರಿತ್ತು.

"ಅಕ್ಕಾರ, ಕೂಸು ಕಣ್ಣು ಮ್ಯಾಲ ಮಾಡಾಕತ್ತೈತ್ರಿ. ಕೈಕಾಲು ಸೆಟದಾವು. ನಿಮ್ಮ ಗಾಡಿ ಐತಲ್ರಿ... ದವಾಖಾನಿಗೆ ಒಯ್ಯಾಕ ಹೇಳ್ರಿ ಅವರಿಗೆ. ನಿಮ್ಮ ಕಾಲಿಗೆ ಬೀಳ್ತೀನ್ರಿ..."

ಮಿನಿಬಸ್ಸು ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಿತ್ತು. ಚೇವೆಳ್ಳದ ಆಸ್ಪತ್ರೆಗೆ ಅರ್ಧ ಗಂಟೆ ಸಾಕು.

ಆ ಕ್ಷಣ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಎಲ್ಲರ ಎದುರು ಕನ್ನಡ ಮಾತಾಡಬೇಡ ಎಂದರೂ ಮಾತಾಡಿದಳಲ್ಲ ಎಂಬ ಸಿಟ್ಟು. ಆ ವಿಡಿಯೊ ಹುಡುಗಿ ಫೋನನ್ನು ನಮ್ಮ ಕಡೆಗೇ ಹಿಡಿದಿದ್ದಳು. ನಾನು ಮುಖದ ತುಂಬ ನಗು ತಂದುಕೊಂಡು ಜನರ ಕಡೆ ತಿರುಗಿದೆ. ತೆಲುಗಿನಲ್ಲಿ ಹೇಳಿದೆ: "ಹೌದು, ಎಲ್ಲರೂ ದಯವಿಟ್ಟು ಕೂತುಕೊಳ್ಳಬೇಕಂತೆ. ನೀವು ಕೂತರೇನೇ ರೊಟ್ಟಿ ಶುರುಮಾಡುತ್ತಾಳಂತೆ."

ಎಲ್ಲರೂ ನಕ್ಕರು. ನಗುತ್ತ ಚಾಪೆಯ ಮೇಲೆ ಕೂತರು. ಹುಲಿಗೆಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ರೊಟ್ಟಿ ಆಗಲಿ ಅಂತಾರ. ಆಮ್ಯಾಲ ನೋಡೂಣು" ಎಂದು ತುಟಿಯಲ್ಲೇ ಹೇಳಿದೆ.

ಅವಳು ಒಲೆಯ ಮುಂದೆ ಕೂತಳು. ರೊಟ್ಟಿ ಬಡಿದಳು. ಟಪ್... ಟಪ್... ಟಪ್... ನಡುವೆ ಎರಡು ಸಲ ಶೆಡ್ಡಿಗೆ ಓಡಿದಳು. ಎರಡು ಸಲವೂ ನಾನೇ ಹೋಗಿ ಕರೆತಂದೆ. ಶೆಡ್ಡಿನ ಒಳಗೆ ಮಾತ್ರ ಇಣುಕಲಿಲ್ಲ. ಇಣುಕಿದರೆ ಏನಾದರೂ ಮಾಡಬೇಕಾಗುತ್ತದೆ ಎಂದು ಗೊತ್ತಿತ್ತು. ರೊಟ್ಟಿಗೆ ಪುಂಡಿಪಲ್ಯ, ಕಡಲೆಚಟ್ನಿ. ಇಪ್ಪತ್ತೊಂದು ಜನ ಬೆರಳು ಚೀಪಿ ತಿಂದರು. ನಾನೂ ಎರಡು ತಿಂದೆ.

ಒಂಬತ್ತಕ್ಕೆ ಅವಳ ಗಂಡ ಬಂದ. ಕೂಗಾಟ ಕೇಳಿಸಿತು, ಆಮೇಲೆ ಯಾರದೋ ಬೈಕು ಶುರುವಾಗಿ ಗೇಟು ದಾಟಿದ ಸದ್ದು. ಸದ್ಯ, ಆಸ್ಪತ್ರೆಗೆ ಹೋದರು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ನಿರಾಳವಾಯಿತು. ಮಲಗಿದ ತಕ್ಷಣ ನಿದ್ದೆ ಬಂತು.

ನಾಲ್ಕೂವರೆಗೆ ಅಲಾರಂ. ಹಾಲು ಕರೆಯುವುದಕ್ಕೆ ಎಲ್ಲರನ್ನೂ ಎಬ್ಬಿಸಬೇಕಿತ್ತು.

ಡಿಸೆಂಬರಿನ ಮಂಜು. ಕೈ ಚಾಚಿದರೆ ಕೈ ಕಾಣದಷ್ಟು ಕತ್ತಲೆ. ಟಾರ್ಚು ಹಿಡಿದು ಮೊದಲ ಗುಡಿಸಲಿಗೆ ಹೋದೆ. ಬಾಗಿಲು ತೆರೆದಿತ್ತು. ಏಸಿ ಗುಂಯ್ ಎನ್ನುತ್ತಿತ್ತು. ಹಾಸಿಗೆಯಲ್ಲಿ ಯಾರೂ ಇಲ್ಲ.

ಎರಡನೆಯದು... ಬಾಗಿಲು ತೆರೆದಿತ್ತು. ಯಾರೂ ಇಲ್ಲ. ಹೊದಿಕೆ ಮುಟ್ಟಿ ನೋಡಿದೆ, ತಣ್ಣಗಿತ್ತು.

ಮೂರನೆಯದು, ನಾಲ್ಕನೆಯದು, ಎಲ್ಲ ಹಾಗೇ. ಚಪ್ಪಲಿಗಳೆಲ್ಲ ಬಾಗಿಲಲ್ಲೇ ಸಾಲಾಗಿದ್ದವು.

ಆಗ ಕೇಳಿಸಿತು. ಟಪ್... ಟಪ್... ಟಪ್...

ಜೊತೆಗೆ ವಾಸನೆ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ. ಹುಲಿಗೆಮ್ಮ ವಾಪಸು ಬಂದಳೇ? ಮಗು ಹುಷಾರಾಯಿತೇ? ಕಾಲು ತಾನಾಗಿ ಒಲೆಯ ಕಡೆ ಹೋಯಿತು. ಟಾರ್ಚು ಎತ್ತಿದೆ.

ಇಪ್ಪತ್ತೊಂದು ಜನರೂ ಅಲ್ಲಿದ್ದರು. ರಾತ್ರಿಯುಡುಪಿನಲ್ಲಿ, ಬರಿಗಾಲಲ್ಲಿ, ಒಲೆಯ ಸುತ್ತ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಚಾಪೆ ಇರಲಿಲ್ಲ, ಇಬ್ಬನಿ ಬಿದ್ದ ನೆಲದ ಮೇಲೆಯೇ ಕೂತಿದ್ದರು. ಕಣ್ಣು ತೆರೆದಿತ್ತು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಎಲ್ಲರ ದೃಷ್ಟಿ ಒಲೆಯ ಮೇಲೆ.

ಒಲೆಯಲ್ಲಿ ಬೆಂಕಿ ಇರಲಿಲ್ಲ. ಹಂಚು ತೊಳೆದು ಕವುಚಿಟ್ಟಿತ್ತು. ರೊಟ್ಟಿ ಬಡಿಯುವ ಜಾಗದಲ್ಲಿ ಯಾರೂ ಇರಲಿಲ್ಲ. ಆದರೂ ಟಪ್... ಟಪ್...

"ಸಾರ್..." ಎಂದು ಹತ್ತಿರದವರ ಭುಜ ಅಲುಗಿಸಿದೆ. ಮರದ ದಿಮ್ಮಿ ಅಲುಗಿಸಿದ ಹಾಗಾಯಿತು.

ಅವರ ಪಕ್ಕದಲ್ಲಿ ಅವರ ಮೊಮ್ಮಗಳು, ಐದು ವರ್ಷದ ಪುಟ್ಟಿ. ತೆಲುಗು ಬಿಟ್ಟರೆ ಸ್ಕೂಲಿನ ಇಂಗ್ಲಿಷು, ಅಷ್ಟೇ ಅದರ ಭಾಷೆ. ಹಿಂದಿನ ದಿನವೆಲ್ಲ ನನ್ನ ಕೈ ಹಿಡಿದುಕೊಂಡೇ ಓಡಾಡಿತ್ತು. ಅದು ಮಾತ್ರ ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿತು.

"ಅಕ್ಕಾರ" ಎಂದಿತು.

"ಏಮ್ಮಾ? ಏಮೈಂದಿ?" ಏನಾಯಿತು ಎಂದು ತೆಲುಗಿನಲ್ಲೇ ಕೇಳಿದೆ.

"ಕೂಸೋ ಅಲ್ರೀ" ಎಂದಿತು ಮಗು. ಬಿಡಿಸಿ ಬಿಡಿಸಿ, ದಡ್ಡರಿಗೆ ಪಾಠ ಹೇಳುವ ಹಾಗೆ. "ಕೂಸು... ನಿಮಗ ತಿಳೀತಿತ್ತಲ್ರೀ?"

ಟಪ್ ಟಪ್ ಸದ್ದು ನಿಂತಿತು.

ನನ್ನ ಕೈಯಿಂದ ಟಾರ್ಚು ಜಾರಿತು. ಕತ್ತಲಲ್ಲಿ ಇಪ್ಪತ್ತೊಂದು ಜನ ಒಟ್ಟಿಗೇ ಉಸಿರೆಳೆದದ್ದು ಕೇಳಿಸಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಬಸ್ಸಿನಲ್ಲಿ ಮಲಗಿದ್ದ ನರ್ಸಿಂಲು ಎದ್ದು ಹೆಡ್‌ಲೈಟ್ ಹಾಕಿ ಓಡಿ ಬಂದ. ಆ ಬೆಳಕಿನಲ್ಲಿ ಅವನೂ ಅವರನ್ನು ನೋಡಿದ. ದನದ ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಕೂಗಿತು. ಆಗ ಒಬ್ಬೊಬ್ಬರೇ ಕಣ್ಣು ಮಿಟುಕಿಸಿ, ಮೈ ಉಜ್ಜಿಕೊಂಡು, ಅಯ್ಯೋ ಎಷ್ಟು ಚಳಿ ಎಂದು ಏಳತೊಡಗಿದರು. ಮಗು ಅಳುತ್ತ ಅಜ್ಜನ ಹೆಗಲೇರಿತು, ತೆಲುಗಿನಲ್ಲಿ ನೀರು ಕೇಳಿತು.

"ಯಾರು ಕರೆದರು ನಿಮ್ಮನ್ನು ಇಲ್ಲಿಗೆ?" ಎಂದು ಕೇಳಿದೆ.

ಅಜ್ಜನಿಗೆ ಆಶ್ಚರ್ಯ. "ನೀವೇ ಅಲ್ವಾ ಮೇಡಂ? ನೀವೇ ಬಾಗಿಲು ತಟ್ಟಿ ಕೂಸೋ, ಕೂಸೋ ಅಂದಿರಿ. ನಿಮ್ಮದೇ ದನಿ."

ಎಲ್ಲರೂ ಅದನ್ನೇ ಹೇಳಿದರು. ಎಷ್ಟು ಹೊತ್ತಿಗೆ ಎಂದರೆ ಹತ್ತರ ಸುಮಾರಿಗೆ ಎಂದರು. ಅಷ್ಟರಲ್ಲಿ ನಾನು ಮಲಗಿ ನಿದ್ದೆ ಹೋಗಿದ್ದೆ. ಎಂದರೆ ಆರು ಗಂಟೆಗೂ ಹೆಚ್ಚು ಹೊತ್ತು ಅವರು ಹಾಗೇ ಕೂತಿದ್ದರು! ಒಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಹಳ್ಳಿಯ ಅನುಭವದಲ್ಲಿ ಅದೂ ಸೇರಿದೆ ಅಂದುಕೊಂಡು ಹಾಲು ಕರೆಯಲು ಹೊರಟರು.

ಎಂಟು ಗಂಟೆಗೆ ಗೇಟಿನ ಕಾವಲುಗಾರ ಸುದ್ದಿ ಹೇಳಿದ. ಹುಲಿಗೆಮ್ಮನ ಮಗು ದಾರಿಯಲ್ಲೇ ಹೋಯಿತಂತೆ. ಆಸ್ಪತ್ರೆ ಇನ್ನೂ ಸಿಕ್ಕಿರಲಿಲ್ಲ, ಹತ್ತೂ ಆಗಿರಲಿಲ್ಲ. ಗಂಡ ಹೆಂಡತಿ ಆ ಕಡೆಯಿಂದಲೇ ಊರಿಗೆ ಹೋದರು. ನಾನು ಜನರಿಗೆ ತಿಳಿಸಲಿಲ್ಲ. ತಿಂಡಿಯ ಹೊತ್ತು ಅದು. ಮುಂದಿನ ವಾರ ಬೇರೆ ಯಾದಮ್ಮ ಬಂದಳು. ವಿಡಿಯೊ ಬಹಳ ಓಡಿತು.

ಇಷ್ಟು ದಿನ ನಾನು ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಅದು ಹೆತ್ತ ತಾಯಿಯ ಶಾಪ, ಅವಳ ಸಂಕಟವೇ ನನ್ನ ದನಿ ತೊಟ್ಟು ಬಾಗಿಲು ತಟ್ಟಿರಬೇಕು ಎಂದು. ಶಾಪವಾದರೆ ಪರಿಹಾರ ಇರುತ್ತದೆ. ಗುಡಿಗೆ ಹೋಗಬಹುದು, ದರ್ಗಾಕ್ಕೆ ಹೋಗಬಹುದು. ಎರಡಕ್ಕೂ ಹೋಗಿಬಂದೆ.

ಹೋದ ತಿಂಗಳು ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಹಿಂದಿನಿಂದ "ಅಕ್ಕಾರ!" ಎಂದು ಯಾರೋ ಕೂಗಿದರು. ತಿರುಗಿದರೆ ಹುಲಿಗೆಮ್ಮ. ತಲೆಯ ಮೇಲೆ ಸಿಮೆಂಟಿನ ಧೂಳು, ಕೈಯಲ್ಲಿ ಬುತ್ತಿ. ಕೂಕಟ್‌ಪಲ್ಲಿ ಕಡೆ ಕಟ್ಟಡದ ಕೆಲಸವಂತೆ. ಓಡಿಹೋಗೋಣ ಅನ್ನಿಸಿತು, ಆದರೆ ಅಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಬಿಟ್ಟಿದ್ದಳು.

"ನಿಮ್ಮನ್ನ ಭಾಳ ನೆನಸ್ತೀನ್ರಿ ಅಕ್ಕಾರ" ಎಂದಳು. ಕಣ್ಣಲ್ಲಿ ನೀರು. "ಆವತ್ತು ನೀವೊಬ್ರಽ ನೋಡ್ರಿ ನನ್ನ ಸಲುವಾಗಿ ಅವರ ಮುಂದ ಬಾಯಿಬಿಟ್ಟು ಹೇಳಿದ್ರಿ. ನನ್ನ ಕೂಸು ಸಾಯಾಕತ್ತೈತಿ ಅಂದ್ರ ಆ ಮಂದಿ ನಕ್ಕೋತ ಕುಂತ್ರು. ಅವರ ಮನಿ ಹಾಳಾಗ್ಲಿ. ನೀವು ಚಂದಿರ್ರಿ, ನಿಮ್ಮ ಮಕ್ಕಳು ಮರಿ ಚಂದಿರ್ಲಿ."

ಈಗಲಾದರೂ ನಿಜ ಹೇಳಬಹುದಿತ್ತು.

"ಹೌದು" ಎಂದೆ. "ಎಷ್ಟು ಹೇಳಿದ್ರೂ ಕೇಳಲಿಲ್ಲ ಅವರು."

ಅವಳು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿದಳು.

ಅವಳಿಗೆ ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ, ಯಾವತ್ತೂ ಇರಲಿಲ್ಲ. ಶಾಪ ಹಾಕಿದ್ದು ಅವಳಲ್ಲ. ಹಾಗಾದರೆ ನಾನು ಮಾಡಿದ್ದು ಆ ರಾತ್ರಿ ಇನ್ನು ಯಾರಿಗೆ ಗೊತ್ತಿತ್ತು? ಯೋಚಿಸಿದಾಗಲೆಲ್ಲ ನಾನು ಇಣುಕದೇ ಬಿಟ್ಟ ಆ ಶೆಡ್ಡಿಗೇ, ಅದರೊಳಗೆ ಮಲಗಿದ್ದ ಕೂಸಿಗೇ ಬಂದು ನಿಲ್ಲುತ್ತೇನೆ. ಎಂಟು ತಿಂಗಳ ಕೂಸಿಗೆ ಮಾತು ಬರುವುದಿಲ್ಲ, ಕನ್ನಡವೂ ಇಲ್ಲ ತೆಲುಗೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ರಾತ್ರಿ ಮಲಗುವಾಗ ದೀಪ ಮಾತ್ರ ಆರಿಸುವುದಿಲ್ಲ.