ಹಂಪ್ ಮೇಡಂ ಮತ್ತು ನನ್ನ ಕರ್ಚೀಫು

ಅವರಿಗೆ ಹಂಪ್ ಮೇಡಂ ಎಂದು ಹೆಸರಿಟ್ಟವನು ನಾನೇ. ಹೇಳಿಕೊಳ್ಳುವಂಥ ಘನಕಾರ್ಯವೇನಲ್ಲ. ಆದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆ ಹೆಸರು ಮೂರೇ ದಿನಕ್ಕೆ ಕ್ಯಾಂಟೀನಿನವರ ಬಾಯಿಗೂ ಬಂದಿತ್ತು.

ನಾನು ಕೂರುವುದು ಟವರ್‌ನ ತುದಿಯಲ್ಲಿ, ಸುತ್ತಲೂ ಗಾಜಿರುವ ಕೋಣೆಯಲ್ಲಿ. ರನ್‌ವೇ ನನ್ನ ಪಾಲಿನದು. ಅವರು ಕೂರುವುದು ಕೆಳಗೆ, ಕಿಟಕಿಯೇ ಇಲ್ಲದ ರಾಡಾರ್ ಕೋಣೆಯಲ್ಲಿ. ಆಕಾಶ ಅವರ ಪಾಲಿನದು. ಒಂದೊಂದು ವಿಮಾನ ಹಾರಿಸುವ ಮೊದಲೂ ನಾನು ಫೋನ್ ಮಾಡಿ ಅವರ ಒಪ್ಪಿಗೆ ಪಡೆಯಬೇಕು. ಇಳಿಯಲು ಬರುತ್ತಿರುವ ವಿಮಾನಗಳ ನಡುವೆ ಅವರು ಜಾಗ ಬಿಡಿಸಿಕೊಟ್ಟರೆ ಮಾತ್ರ ನನ್ನದು ಮೇಲೇಳಬಹುದು.

"ಮೇಡಂ, ರೆಡಿ ಇದೆ, ಬಿಡ್ಲಾ?"

"ಸ್ವಲ್ಪ ತಡೀರಿ."

ದಿನವಿಡೀ ಇದೇ ರಾಗ, ರಸ್ತೆಗೆ ಅಡ್ಡ ಹಾಕಿದ ಹಂಪಿನ ಹಾಗೆ. ಇತ್ತ ಪೈಲಟ್‌ಗಳು ನನ್ನ ಕಿವಿ ಹಿಂಡುತ್ತಿದ್ದರು. ತಲೆಕೆಟ್ಟು ಎರಡು ಪುಟದ ದೂರು ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಸಾಹೇಬರು ಓದಿ ಕನ್ನಡಕ ತೆಗೆದರು. "ಇದು ಮೂರನೇ ದೂರು. ಹೀಗೇ ಆದ್ರೆ ಅವರನ್ನ ರಾಡಾರ್‌ನಿಂದ ತೆಗೆದು ದಾಖಲೆ ವಿಭಾಗಕ್ಕೆ ಹಾಕ್ಬೇಕಾಗುತ್ತೆ. ಅದಕ್ಕೆ ಮೊದ್ಲು ನೀನೇ ಹೋಗಿ ಒಂದಿನ ಅವರ ಪಕ್ಕ ಕೂತು ನೋಡ್ಕೊಂಡು ಬಾ."

ಮೂರು ವರ್ಷ ಬರೀ ದನಿ ಕೇಳಿದ್ದ ನಾನು ಯಾವುದೋ ಗಂಟುಮುಖವನ್ನು ಕಲ್ಪಿಸಿಕೊಂಡಿದ್ದೆ. ನೋಡಿದರೆ ಗುಬ್ಬಚ್ಚಿಯಂಥ ಹೆಂಗಸು!

"ಬನ್ನಿ, ಬನ್ನಿ. ನನ್ನನ್ನ ಈ ಕುರ್ಚಿಯಿಂದ ಎಬ್ಬಿಸೋಕೆ ಬಂದವರು ನೀವೇ ಅಲ್ವಾ?" ಎಂದು ನಕ್ಕು, ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದರು. ನಾನು ಇಂಗು ತಿಂದ ಮಂಗನಂತಾದೆ.

ಇಪ್ಪತ್ತೆರಡು ವರ್ಷದಿಂದ ಅವರದು ಅದೇ ಕುರ್ಚಿ. ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಹೆಣ್ಣುಮಕ್ಕಳು, ಬಚ್ಚಲುಮನೆ ಮಾತ್ರ ಒಂದೇ. ಬೆಳಗ್ಗೆ ಯಾರ ಹಿಂದೆ ಯಾರು ಎನ್ನುವುದನ್ನು ಅಲ್ಲೂ ಇವರೇ ನಿರ್ಧರಿಸಬೇಕು. "ನಮ್ಮತ್ತೆ ಮಾತ್ರ ಯಾರ ಒಪ್ಪಿಗೇನೂ ಕೇಳಲ್ಲ, ಟವಲ್ ಹಿಡ್ಕೊಂಡು ನೇರ ನುಗ್ತಾರೆ," ಎಂದರು. ಆಮೇಲೆ ಪರದೆಯಿಂದ ಕಣ್ಣು ಕೀಳದೆ, ದನಿ ತಗ್ಗಿಸಿ, "ಈ ಕೆಲಸ ಬಿಟ್ರೆ ನಂಗೆ ಬೇರೇನೂ ಬರಲ್ಲ. ಇಲ್ಲಿಂದ ಎಬ್ಬಿಸಿದ್ರೆ ಮನೇಲಿ ಏನಂತ ಹೇಳ್ಲಿ?" ಎಂದರು.

ಅಷ್ಟರಲ್ಲಿ ಟವರ್‌ನಿಂದ ಫೋನ್ ಬಂತು. ಆ ಕಡೆ ಇದ್ದವನು ನನ್ನ ಗೆಳೆಯ. "ಮೇಡಂ, ರನ್‌ವೇ ಬಾಯಲ್ಲೇ ನಿಂತಿದೆ, ಬಿಡ್ಲಾ?"

ಇವರು ಇಳಿಯಲು ಬರುತ್ತಿದ್ದ ಒಂದು ವಿಮಾನವನ್ನು ಸುತ್ತು ಹಾಕಿಸಿ, ಅದರ ಹಿಂದಿನದರ ವೇಗ ತಗ್ಗಿಸಿ, ಅಚ್ಚುಕಟ್ಟಾಗಿ ಜಾಗ ಮಾಡಿಕೊಟ್ಟರು. ಯಾವ ವಿಮಾನವೂ ಮೇಲೇಳಲಿಲ್ಲ. ಜಾಗ ಖಾಲಿಯಾಗಿಯೇ ಕಳೆದುಹೋಯಿತು. ಐದು ನಿಮಿಷಕ್ಕೆ ಅದೇ ವಿಮಾನಕ್ಕಾಗಿ ಮತ್ತೆ ಫೋನ್ ಬಂತು, ಈಗ ಜಾಗವಿಲ್ಲದೆ ಇವರು ತಡೀರಿ ಎಂದರು.

ಏನಾಯಿತೆಂದು ನನಗೆ ಗೊತ್ತಿತ್ತು. ಆ ವಿಮಾನ ರನ್‌ವೇ ಬಾಯಲ್ಲಿರಲಿಲ್ಲ, ಇನ್ನೂ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿತ್ತು. ಇವರ ಪರದೆಗೆ ನೆಲದ ಮೇಲಿನ ವಿಮಾನ ಕಾಣುವುದಿಲ್ಲ, ನಮ್ಮ ಮಾತನ್ನೇ ನಂಬಬೇಕು. ನಾವೋ, ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫು ಎಸೆದ ಹಾಗೆ, ಇರಲಿ ಎಂದು ಮೊದಲೇ ಕೇಳಿಬಿಡುತ್ತಿದ್ದೆವು. ಆ ಚಾಳಿಯಲ್ಲಿ ಟವರ್‌ಗೆಲ್ಲ ನಾನೇ ಗುರು.

"ಕೋಪ ಬರಲ್ವಾ ಮೇಡಂ?" ಎಂದೆ.

"ಯಾರ ಮೇಲೆ? ದಿನಕ್ಕೆ ಹತ್ತು ಸಲನಾದ್ರೂ ಹೀಗಾಗುತ್ತೆ. ವಯಸ್ಸಾಯ್ತಲ್ಲ, ನನ್ನ ಲೆಕ್ಕವೇ ತಪ್ತಿದೆ ಅನ್ಸುತ್ತೆ. ಮನೆಗೆ ಹೋಗಿ ಹಾಳೆ ಮೇಲೆ ಬರ್ದು ಬರ್ದು ನೋಡ್ತೀನಿ, ಎಲ್ಲಿ ತಪ್ತೀನಿ ಅಂತ ಗೊತ್ತೇ ಆಗಲ್ಲ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಮರುದಿನ ಸಾಹೇಬರ ಕೋಣೆಯಲ್ಲಿ, ಮೇಡಂ ಕೂಡ ಎದುರಿಗಿದ್ದಾಗ, ಕರ್ಚೀಫಿನ ಕಥೆಯನ್ನೆಲ್ಲ ಒದರಿದೆ. ಗೆಳೆಯನ ಹೆಸರು ಹೇಳಲಿಲ್ಲ, ನನ್ನದನ್ನು ಬಿಡಲಿಲ್ಲ. ಸಾಹೇಬರು ಮೇಜು ಕುಟ್ಟಿ ಕುಟ್ಟಿ ಬೈದರು. ನನ್ನನ್ನು ಒಂದು ತಿಂಗಳು ಟವರ್‌ನಿಂದ ಇಳಿಸಿದರು. ಇನ್ನುಮುಂದೆ ವಿಮಾನ ಎಲ್ಲಿದೆಯೋ ಅಲ್ಲೇ ಇದೆ ಎಂದು ಹೇಳಬೇಕು ಎಂಬ ಆದೇಶ ಆಗಲೇ ಟೈಪಾಯಿತು.

ಹೊರಗೆ ಬಂದರೆ ಮೇಡಂ ಕೂಡ ನನ್ನ ಹಿಂದೆಯೇ ಬಂದರು. ಈಗ ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತೆ.

"ಅಂದ್ರೆ... ನನ್ನ ಲೆಕ್ಕ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಮೇಡಂ. ಒಂದೂ ತಪ್ಪಿರ್ಲಿಲ್ಲ."

ಅವರು ಗೋಡೆಗೆ ಕೈಯೂರಿದರು. ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ನನ್ನನ್ನು ಬೈಯುವುದನ್ನೂ ಮರೆತು ಮೊಬೈಲ್ ತೆಗೆದು ಅಲ್ಲೇ ಮನೆಗೆ ಫೋನ್ ಹಚ್ಚಿದರು.

"ಅತ್ತೇ, ನಂದೇನೂ ತಪ್ಪಿರ್ಲಿಲ್ವಂತೆ!"